ಖಾನ್ ಪಾತ್ರಕ್ಕೆ ಯಾರು ಸರಿ? ಮೂವರನ್ನೂ ಒಟ್ಟಿಗಿಟ್ಟು ನೋಡಿದೆ

ಅಮೆರಿಕದ ಬಾಹ್ಯಾಕಾಶ ಕಥಾಸರಣಿ ಸ್ಟಾರ್ ಟ್ರೆಕ್‌ನ ಅಭಿಮಾನಿಗಳು ನಾಲ್ಕು ಜನ ಸೇರಿದ ಕಡೆ ಈ ಜಗಳ ಬಂದೇ ಬರುತ್ತದೆ. ಖಾನ್ ನೂನಿಯನ್ ಸಿಂಗ್ ಪಾತ್ರಕ್ಕೆ ಯಾರು ಸರಿ, ರಿಕಾರ್ಡೊ ಮೊಂಟಾಲ್ಬಾನಾ, ಬೆನೆಡಿಕ್ಟ್ ಕಂಬರ್‌ಬ್ಯಾಚಾ? ಈಗ ಮೂರನೆಯವರಾಗಿ ನವೀನ್ ಆಂಡ್ರ್ಯೂಸ್ ಕೂಡ ಸೇರಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಈ ಜಗಳಕ್ಕೆ ಕಾವು ಜಾಸ್ತಿ. ಕಥೆಯ ಪ್ರಕಾರ ಖಾನ್ ನಮ್ಮ ದೇಶದವನು. ವಯಸ್ಸಿಗೆ ಬಂದ ಖಾನ್ ಆಗಿ ನಮ್ಮ ಮೂಲದ ನಟನೊಬ್ಬ ತೆರೆಯ ಮೇಲೆ ನಿಂತದ್ದನ್ನು ಮಾತ್ರ ನಾವು ಇವತ್ತಿಗೂ ನೋಡಿಲ್ಲ. ಹಾಗಾಗಿ 1967ರ ಕಂತು, 1982ರ ಮತ್ತು 2013ರ ಸಿನಿಮಾಗಳು, 2025ರ ಧ್ವನಿನಾಟಕ, ಎಲ್ಲವನ್ನೂ ಈ ಸಲ ಒಂದರ ಹಿಂದೊಂದು ನೋಡಿದೆ, ಕೇಳಿದೆ. ಹಲಸೂರಿನಲ್ಲೇ ಹುಟ್ಟಿ ಬೆಳೆದ ಸಿಖ್ ಗೆಳೆಯನೊಬ್ಬ ಜೊತೆಗಿದ್ದ. ಕಂಬರ್‌ಬ್ಯಾಚ್ ಅಂದರೆ ಪ್ರಾಣ ಬಿಡುವ ನನ್ನ ಚಿಕ್ಕಮ್ಮನ ಮಗಳೂ ಇದ್ದಳು.

ಗೊತ್ತಿಲ್ಲದವರಿಗೆ ಎರಡು ಮಾತು. ಖಾನ್ ಮೊದಲು ಬಂದದ್ದು 1967ರ ಫೆಬ್ರವರಿ 16ರಂದು ಪ್ರಸಾರವಾದ ಟಿವಿ ಕಂತಿನಲ್ಲಿ. ವಂಶವಾಹಿ ತಿದ್ದಿ ಹುಟ್ಟಿಸಿದ ಅತಿಮಾನವ. ಕಥೆಯ ಪ್ರಕಾರ 1990ರ ದಶಕದಲ್ಲಿ ಏಷ್ಯಾದಿಂದ ಮಧ್ಯಪ್ರಾಚ್ಯದವರೆಗೆ ಭೂಮಿಯ ಕಾಲು ಭಾಗಕ್ಕಿಂತ ಹೆಚ್ಚನ್ನು ಆಳಿ, ಸೋತು, ತನ್ನವರನ್ನು ಕಟ್ಟಿಕೊಂಡು ಬಾಹ್ಯಾಕಾಶ ನೌಕೆಯಲ್ಲಿ ತಪ್ಪಿಸಿಕೊಂಡವನು. ದೇಹವನ್ನು ಸ್ತಬ್ಧಗೊಳಿಸುವ ದೀರ್ಘ ನಿದ್ದೆಯಲ್ಲಿದ್ದ ಅವನನ್ನು ಕಥಾನಾಯಕ ಕ್ಯಾಪ್ಟನ್ ಕರ್ಕ್‌ನ ತಂಡ ಎಬ್ಬಿಸುತ್ತದೆ. ನೌಕೆಯ ಇತಿಹಾಸಕಾರ್ತಿ ಮಾರ್ಲಾ ಮೆಕ್‌ಗೈವರ್ಸ್ ಅವನ ಮುಖ ನೋಡಿದ ಕೂಡಲೇ, ಉತ್ತರ ಭಾರತದವನಿರಬೇಕು, ಬಹುಶಃ ಸಿಖ್ ಎನ್ನುತ್ತಾಳೆ. ಆದರೆ ಆ ಕಥೆಯ ಮೊದಲ ಕರಡಿನಲ್ಲಿ ಖಳನಾಯಕ ಹರಾಲ್ಡ್ ಎರಿಕ್ಸನ್ ಎಂಬ ನಾರ್ಡಿಕ್ ಬಿಳಿಯನಾಗಿದ್ದ. ಅದನ್ನು ಬದಲಿಸಿ, ಮನುಷ್ಯಕುಲದಲ್ಲೇ ಎಲ್ಲರಿಗಿಂತ ಬಲಶಾಲಿ, ಬುದ್ಧಿವಂತ ಏಷ್ಯಾದಿಂದ ಬಂದ ಎಂದು ಅಮೆರಿಕದ ಟಿವಿ 1967ರಲ್ಲಿ ಹೇಳಿತು. ನನ್ನ ಮಟ್ಟಿಗೆ ಖಾನ್ ಎಂಬ ಪಾತ್ರದ ಜೀವ ಇರುವುದೇ ಅಲ್ಲಿ.

ಮೊದಲು ಮೊಂಟಾಲ್ಬಾನ್. ಮೆಕ್ಸಿಕೊ ಸಿಟಿಯಲ್ಲಿ ಹುಟ್ಟಿದ ನಟ. ಆ ಕಂತಿನಲ್ಲಿ ಅವರ ಮುಖಕ್ಕೆ ಕಂದು ಬಣ್ಣ ಬಳಿದಿದ್ದಾರೆ, ದೊಡ್ಡ ಟಿವಿಯಲ್ಲಿ ನೋಡಿದರೆ ಎದ್ದು ಕಾಣುತ್ತದೆ. ತಲೆಗೆ ಪೇಟವಿಲ್ಲ, ಗಡ್ಡವಿಲ್ಲ, ಕೈಯಲ್ಲಿ ಕಡಗವಿಲ್ಲ. ನನ್ನ ಗೆಳೆಯ ಒಂದು ಕಡೆ ವಿಡಿಯೊ ನಿಲ್ಲಿಸಿ, "ಇಲ್ನೋಡು ಗುರು" ಅಂತ ತೋರಿಸಿದ. ಮಾರ್ಲಾಳ ಕೋಣೆಯಲ್ಲಿ ಅವಳೇ ಬರೆಯುತ್ತಿರುವ ಖಾನ್‌ನ ಚಿತ್ರ. ಅದರಲ್ಲಿ ಖಾನ್ ಪೇಟ ಸುತ್ತಿದ್ದಾನೆ. ಅಂದರೆ ಸಿಖ್ಖರು ಹೇಗಿರುತ್ತಾರೆಂದು ಅಲ್ಲಿ ಯಾರಿಗೋ ಗೊತ್ತಿತ್ತು. ಆ ತಿಳಿವಳಿಕೆ ಕ್ಯಾನ್ವಾಸಿಗೆ ಬಂತು, ನಟನ ತಲೆಯವರೆಗೆ ಬರಲಿಲ್ಲ. ಇದು ನನಗೆ ಬೇಸರದ ಸಂಗತಿಯೇ. ಹಾಲಿವುಡ್‌ನಲ್ಲಿ ಅಂದು ಭಾರತೀಯ ನಟರು ಸಿಗುವುದು ಕಷ್ಟವಿತ್ತು ಎಂಬ ಸಮಾಧಾನ ಮುಖದ ಬಣ್ಣವನ್ನು ಸರಿ ಮಾಡುವುದಿಲ್ಲ.

ಆದರೆ ಅಭಿನಯ! ಅದೇ ಕಂತಿನಲ್ಲಿ ಊಟದ ಮೇಜಿನ ದೃಶ್ಯವೊಂದಿದೆ. ಸ್ಪಾಕ್ ಒಂದೊಂದೇ ಚುಚ್ಚುಮಾತು ಆಡುತ್ತಾನೆ, ಕರ್ಕ್ ಸುಮ್ಮನೆ ಕುಳಿತು ನೋಡುತ್ತಾನೆ. ಖಾನ್ ಒಂದು ಕ್ಷಣ ಸಿಡಿದವನು ತಕ್ಷಣ ತಡೆದುಕೊಂಡು, ನಿನ್ನ ಕೈಕೆಳಗಿನವನನ್ನು ದಾಳಿಗೆ ಬಿಟ್ಟು ನೀನು ನನ್ನ ದೌರ್ಬಲ್ಯ ಹುಡುಕುತ್ತಿದ್ದೀಯ ಎಂಬ ಅರ್ಥದಲ್ಲಿ ಕರ್ಕ್‌ನನ್ನೇ ಹೊಗಳುತ್ತಾನೆ. ಆ ಒಂದು ಕ್ಷಣ ಬಿಟ್ಟರೆ ದನಿ ಏರುವುದಿಲ್ಲ, ಬೆನ್ನು ಬಾಗುವುದಿಲ್ಲ. ರಾಜ್ಯ ಆಳಿದವನು ಎಂದು ಯಾರೂ ಹೇಳಬೇಕಾಗಿಲ್ಲ. ವಜ್ರಮುನಿಯವರ ಕಂಚಿನ ಕಂಠ ಕೇಳುತ್ತ ಬೆಳೆದ ನಮಗೆ, ಖಳನ ಗತ್ತು ಮಾತಿನ ಓಟದಲ್ಲಿರುತ್ತದೆ ಎಂಬುದು ಗೊತ್ತು; ಮೊಂಟಾಲ್ಬಾನ್‌ರಲ್ಲಿ ಅದು ತುಂಬಿ ತುಳುಕುತ್ತದೆ. 1982ರ ಸಿನಿಮಾ ಬರುವಾಗ ಅವರಿಗೆ 61 ವರ್ಷ. ಆ ಇಡೀ ಸಿನಿಮಾದಲ್ಲಿ ಖಾನ್ ಮತ್ತು ಕರ್ಕ್ ಒಮ್ಮೆಯೂ ಒಂದೇ ಕೋಣೆಯಲ್ಲಿ ಮುಖಾಮುಖಿಯಾಗುವುದಿಲ್ಲ, ಪರದೆಯ ಮೂಲಕ ಮಾತ್ರ ಮಾತು. ಹೀಗಿದ್ದೂ ಹೆಂಡತಿ ಮಾರ್ಲಾಳನ್ನು ಕಳೆದುಕೊಂಡ ಸಂಕಟ, ಸೇಡು ಎರಡೂ ನಮ್ಮನ್ನು ತಾಕುತ್ತವೆ. ಇನ್ನೊಂದು ವಿಷಯವನ್ನೂ ಮರೆಯಬಾರದು. ಹಾಲಿವುಡ್‌ನಲ್ಲಿ ಲ್ಯಾಟಿನ್ ಅಮೆರಿಕದವರನ್ನು ಒಂದೇ ಅಚ್ಚಿನಲ್ಲಿ ತೋರಿಸುವುದರ ವಿರುದ್ಧ 1970ರಲ್ಲಿ ನೊಸೊಟ್ರೊಸ್ ಎಂಬ ಸಂಸ್ಥೆ ಕಟ್ಟಿದವರು ಇದೇ ಮೊಂಟಾಲ್ಬಾನ್.

ಇನ್ನು 2013. ಜೆ.ಜೆ. ಅಬ್ರಾಮ್ಸ್ ನಿರ್ದೇಶನದ ಈ ಸಿನಿಮಾದಲ್ಲಿ ಖಾನ್ ಎಂಬುದನ್ನೇ ಮುಚ್ಚಿಟ್ಟು, ಜಾನ್ ಹ್ಯಾರಿಸನ್ ಎಂಬ ಹೆಸರಿನಲ್ಲಿ ಪ್ರಚಾರ ಮಾಡಿದರು. ಮೊದಲು ಬೆನಿಸಿಯೊ ಡೆಲ್ ಟೊರೊ ಜೊತೆ ಮಾತುಕತೆ ನಡೆದಿತ್ತು, ಅದು ಮುರಿದುಬಿತ್ತು. ಕೊನೆಗೆ ಬಂದವರು ಅಚ್ಚ ಇಂಗ್ಲಿಷ್ ಬಿಳಿಯ ಕಂಬರ್‌ಬ್ಯಾಚ್. ಅವರು ಕೆಟ್ಟದಾಗಿ ನಟಿಸಿದ್ದಾರೆ ಎಂದು ನಾನು ಹೇಳಲಾರೆ. ಸೆರೆಯ ಗಾಜಿನ ಹಿಂದೆ, ತನ್ನವರ ಬಗ್ಗೆ ಮಾತಾಡುತ್ತ ಬೆನ್ನು ತಿರುಗಿಸಿ ನಿಂತಾಗ ಕೆನ್ನೆ ಮೇಲೆ ಒಂದು ಹನಿ ಇಳಿಯುತ್ತದೆ, ಒಳ್ಳೆಯ ನಟ. ಆದರೆ ಅದೇ ದೃಶ್ಯದಲ್ಲಿ ತನ್ನ ಹೆಸರು ಖಾನ್ ಎಂದು ಹೇಳಿದಾಗ ನಮ್ಮ ಕೋಣೆಯಲ್ಲಿ ಯಾರಿಗೂ ಮೈ ಜುಂ ಎನ್ನಲಿಲ್ಲ. ಆ ಮುಖಕ್ಕೂ ಆ ಹೆಸರಿಗೂ ನಂಟೇ ಇಲ್ಲ. ಮುಂದೆ ಕಾಮಿಕ್ಸ್‌ನಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಅವನ ಮುಖವನ್ನೇ ಬದಲಿಸಲಾಗಿತ್ತು ಎಂದು ತೇಪೆ ಹಾಕಿದರು. ಸಿನಿಮಾ ನೋಡುವವನಿಗೆ ಅದರಿಂದ ಏನು ಬಂತು?

ನನ್ನ ತಂಗಿಯ ವಾದವನ್ನು ತಳ್ಳಿಹಾಕುವಂತಿರಲಿಲ್ಲ. "ಅಣ್ಣಾ, ಈ ಸಿನಿಮಾದಲ್ಲಿ ಅವನು ಲಂಡನ್‌ನಲ್ಲಿ ಬಾಂಬ್ ಸ್ಫೋಟ ಮಾಡಿಸ್ತಾನೆ, ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ನೌಕೆ ಬೀಳಿಸ್ತಾನೆ. ಅದನ್ನ ನಮ್ಮ ಬಣ್ಣದವನ ಕೈಲಿ ಮಾಡಿಸಿದ್ರೆ ನೀನೇ ಮೊದಲು ಬೈತಿದ್ದೆ," ಎಂದಳು. ನಿಜ, ಬೈಯುತ್ತಿದ್ದೆ. ಆದರೆ ಖಾನ್‌ನನ್ನು ಬಾಂಬ್ ಇಡಿಸುವವನಾಗಿ ಬರೆದದ್ದು ಅವರೇ. ಹಳೆಯ ಖಾನ್ ಪುಸ್ತಕ ಓದುವ, ಮೇಜಿನ ಮುಂದೆ ಮರ್ಯಾದೆಯಿಂದ ಕೂರುವ, ಅಹಂಕಾರದಿಂದ ಕೆಡುವ ದೊರೆ. ಅಂಥವನನ್ನು ಭಯೋತ್ಪಾದಕನನ್ನಾಗಿ ಇಳಿಸಿ, ಆಮೇಲೆ ಈ ಕೆಲಸ ಕಂದು ಮುಖಕ್ಕೆ ಬೇಡ ಎಂದು ಕರುಣೆ ತೋರಿದರೆ ಅದನ್ನು ಹೇಗೆ ಒಪ್ಪಲಿ?

ಇನ್ನೊಂದು ಲೆಕ್ಕವನ್ನು ಅವಳ ಮುಂದಿಟ್ಟೆ. 1979ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ನಮ್ಮ ದೇಶದ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ನಟಿಸಿದರು, ಅನ್ಯಗ್ರಹದವಳಾಗಿ. 1986ರಲ್ಲಿ ನಮ್ಮ ಟೆನಿಸ್‌ನ ವಿಜಯ್ ಅಮೃತರಾಜ್ ನೌಕೆಯ ಕ್ಯಾಪ್ಟನ್ ಆಗಿ ಪರದೆಯ ಮೇಲೆ ಬಂದು ಸ್ವಲ್ಪ ಹೊತ್ತಿನಲ್ಲೇ ಹೋದರು. 2009ರಲ್ಲಿ, ಇದೇ ಅಬ್ರಾಮ್ಸ್ ಸಿನಿಮಾದಲ್ಲಿ, ಪಾಕಿಸ್ತಾನಿ ಮೂಲದ ಫರಾನ್ ತಾಹಿರ್ ಕ್ಯಾಪ್ಟನ್ ಆಗಿ ಎಷ್ಟು ಗಂಭೀರವಾಗಿ ಕಾಣುತ್ತಾರೆ! ಸಿನಿಮಾ ಶುರುವಾಗಿ ಕೆಲವೇ ನಿಮಿಷಕ್ಕೆ ಅವರನ್ನು ಕೊಂದರು. ಚಿಕ್ಕ ಪಾತ್ರಗಳಿಗೆ ನಮ್ಮ ಕಡೆಯವರು ಸಿಗುತ್ತಾರೆ, ನಮ್ಮ ಕಡೆಯದೇ ಆದ ದೊಡ್ಡ ಪಾತ್ರಕ್ಕೆ ಸಿಗುವುದಿಲ್ಲ. ತಂಗಿ ಈ ಮಾತಿಗೆ ಉತ್ತರ ಕೊಡಲಿಲ್ಲ, ಕಂಬರ್‌ಬ್ಯಾಚ್‌ನನ್ನು ಬಿಟ್ಟೂ ಕೊಡಲಿಲ್ಲ.

ಮೂರನೆಯದು ಧ್ವನಿನಾಟಕ. 2025ರ ಸೆಪ್ಟೆಂಬರ್ 8ರಿಂದ ಕಂತುಕಂತಾಗಿ ಬಂತು, 1982ರ ನಿರ್ದೇಶಕ ನಿಕೊಲಸ್ ಮೇಯರ್ ಅವರದೇ ಕಥೆ. 1967ರ ಕಂತಿನ ಕೊನೆಯಲ್ಲಿ ಕರ್ಕ್ ಸೆಟಿ ಆಲ್ಫಾ ಐದು ಎಂಬ ಗ್ರಹಕ್ಕೆ ಗಡೀಪಾರು ಮಾಡಿದ ಮೇಲೆ ಖಾನ್ ಮತ್ತು ಅವನ ಜನಕ್ಕೆ ಏನಾಯಿತು ಎಂಬುದು ಇದರ ವಸ್ತು. ನವೀನ್ ಆಂಡ್ರ್ಯೂಸ್ ಲಂಡನ್‌ನಲ್ಲಿ ಹುಟ್ಟಿದವರು, ತಂದೆತಾಯಿ ಕೇರಳ ಮೂಲದವರು. ಜಯನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇದನ್ನು ಕೇಳಿದೆ. ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲೂ ಆ ದನಿ ಕೈಬಿಡಲಿಲ್ಲ. ಮೊಂಟಾಲ್ಬಾನ್‌ರ ಗತ್ತನ್ನು ಇವರು ಅನುಕರಿಸುವುದಿಲ್ಲ. ಇವರ ಖಾನ್ ಮೃದುವಾಗಿ ಮಾತಾಡುತ್ತಾನೆ, ತನ್ನ ಜನ ಹಸಿದಿರುವಾಗ ಆ ಮೃದುತ್ವಕ್ಕೆ ಒಂದು ನಡುಕ ಸೇರುತ್ತದೆ. ಮಾರ್ಲಾ ಯಾಕೆ ಎಲ್ಲವನ್ನೂ ಬಿಟ್ಟು ಇವನ ಹಿಂದೆ ಹೋದಳು ಎಂಬುದು ನನಗೆ ಮನಸ್ಸಿಗೆ ಹತ್ತಿದ್ದು ಇಲ್ಲಿಯೇ. ಪಂಜಾಬಿನವನ ಪಾತ್ರ ಮಲಯಾಳಿ ಮೂಲದವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಹಲಸೂರಿನ ಗೆಳೆಯನಿಗೆ ಆ ತಕರಾರು ಇಲ್ಲ, ನನಗೂ ಇಲ್ಲ. ನನ್ನ ತಕರಾರು ಬೇರೆ: ನಾವು ಇಷ್ಟು ವರ್ಷ ಕಾದ ಖಾನ್ ಕೊನೆಗೂ ಬಂದ, ಮುಖ ಕಾಣದ ಜಾಗದಲ್ಲಿ ಬಂದ.

ಹೊಸದಾಗಿ ಶುರು ಮಾಡುವವರು ಮೊದಲು 1967ರ ಕಂತು ನೋಡಿ, ಆಮೇಲೆ ಧ್ವನಿನಾಟಕ ಕೇಳಿ, ಅದಾದ ಮೇಲೆ 1982ರ ಸಿನಿಮಾ ನೋಡಿ. ಕಥೆಯ ಕಾಲಕ್ರಮವೂ ಅದೇ, ಕೊನೆಯ ಸೇಡಿಗೆ ಎರಡು ಪಟ್ಟು ತೂಕ ಬರುತ್ತದೆ. 2013ರದನ್ನು ಬೇರೆಯೇ ಖಳನಾಯಕನ ಸಿನಿಮಾ ಎಂದುಕೊಂಡು ಬಿಡುವಿದ್ದಾಗ ನೋಡಬಹುದು. ನಟನೆಗೆ ನನ್ನ ಮತ ಇವತ್ತಿಗೂ ಮೊಂಟಾಲ್ಬಾನ್‌ರಿಗೆ. ಪಾತ್ರದ ಹುಟ್ಟಿಗೆ ನ್ಯಾಯ ಸಿಕ್ಕಿದ್ದು ಆಂಡ್ರ್ಯೂಸ್ ಅವರಿಂದ.

ಮತ್ತೆ ಸಿನಿಮಾ ಮಾಡಿದರೆ ಹೇಗಿರಬೇಕು ಎಂಬಲ್ಲಿ ಮಾತ್ರ ಗೆಳೆಯನಿಗೂ ನನಗೂ ಹೊಂದಲಿಲ್ಲ. 2012ರ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ಬಂದೂಕುಧಾರಿ ನುಗ್ಗಿ ಜನರನ್ನು ಕೊಂದ. 2013ರ ಸಿನಿಮಾ ತೆರೆ ಕಂಡದ್ದು ಅದಾಗಿ ಒಂದು ವರ್ಷ ತುಂಬುವ ಮೊದಲೇ. "ಆವತ್ತು ಪೇಟ ಕಟ್ಟಿದ ಖಳನಾಯಕ ಲಂಡನ್ ಉಡಾಯಿಸಿದ್ರೆ ಅಲ್ಲಿರೋ ನಮ್ಮ ಹುಡುಗರು ಬೀದೀಲಿ ನಡೆಯೋಕಾಗ್ತಿತ್ತಾ? ಮೊದಲು ಪೇಟ ಕಟ್ಟಿದ ಒಬ್ಬ ಕ್ಯಾಪ್ಟನ್ ಬರ್ಲಿ, ಖಾನ್ ಆಮೇಲೆ ಬರ್ಲಿ," ಎಂದ. ಅವನ ಭಯ ನನಗೆ ಅರ್ಥವಾಗುತ್ತದೆ, ಆದರೆ ಇನ್ನೊಂದು ತಲೆಮಾರು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಇಬ್ಬರೂ ಒಂದೇ ಸಿನಿಮಾದಲ್ಲಿ ಬರಲಿ: ಆ ಊಟದ ಮೇಜಿನ ಒಂದು ತುದಿಯಲ್ಲಿ ಖಾನ್, ಎದುರು ತುದಿಯಲ್ಲಿ ಅವನನ್ನು ಸೋಲಿಸುವ ಸಿಖ್ ಕ್ಯಾಪ್ಟನ್.