ತೈಲದ ಒತ್ತೆಯೋ, ಷರತ್ತಿನ ಸಾಲವೋ?
ನೆಲದಡಿ ತೈಲವಿದ್ದೂ ಬೊಕ್ಕಸ ಬರಿದಾದ ದೇಶವು ಚೀನಾದ ಸಾಲ ಪಡೆಯಬೇಕೋ, ಐಎಂಎಫ್‌ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕ್‌ಗಳ ಬಾಗಿಲು ತಟ್ಟಬೇಕೋ ಎಂಬುದನ್ನು ಆಫ್ರಿಕಾದ ತೈಲದ ನಾಡು ಅಂಗೋಲಾದ ಅನುಭವದಿಂದ ಅಳೆಯಬಹುದು. ವೇಗದಲ್ಲಿ ಚೀನಾವೇ ಮುಂದು: ತೈಲ ಆದಾಯದ ಲೆಕ್ಕ ಬಹಿರಂಗಪಡಿಸುವಂತೆ ಐಎಂಎಫ್‌ ಪಟ್ಟು ಹಿಡಿದಿದ್ದಾಗ, 2004ರಲ್ಲಿ ಚೀನಾ ಸರ್ಕಾರದ ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ತೈಲದ ಭದ್ರತೆಯ ಮೇಲೆ 200 ಕೋಟಿ ಡಾಲರ್ ಸಾಲ ಒದಗಿಸಿತು, ಕಾಮಗಾರಿಗಳ ಬಹುಪಾಲು ಮಾತ್ರ ಚೀನೀ ಗುತ್ತಿಗೆದಾರರಿಗೇ ಹೋಯಿತು. ವೆಚ್ಚದ ಮಾತು ಬೇರೆ. ಸಾಲ ತೀರುವುದು ತೈಲದಿಂದಲೇ ಆದ್ದರಿಂದ, 2014ರಲ್ಲಿ ತೈಲದ ಬೆಲೆ ಕುಸಿದಾಗ ಅದೇ ಕಂತಿಗೆ ಹೆಚ್ಚು ಪೀಪಾಯಿ ತೈಲ ಸಾಗಿಸಬೇಕಾಯಿತು. ವಿಶ್ವಬ್ಯಾಂಕಿನ ರಿಯಾಯಿತಿ ಸಾಲಕ್ಕೆ ಬಡ್ಡಿ ಕಡಿಮೆ, ಅವಧಿ ದೀರ್ಘ. ಕಡತಗಳ ಓಡಾಟವೂ ಅಷ್ಟೇ ದೀರ್ಘ. ಆದ್ದರಿಂದ ರೈಲು, ರಸ್ತೆ ತುರ್ತಾಗಿ ಬೇಕಿದ್ದು, ಒಪ್ಪಂದವನ್ನು ಸಾಲುಸಾಲಾಗಿ ಪರಿಶೀಲಿಸುವ ಸಂಸತ್ತು ಇರುವಲ್ಲಿ ಚೀನಾದ ಸಾಲ ಹೊಂದೀತು. ಶಾಲೆ, ಆರೋಗ್ಯದಂಥ ನಿಧಾನ ಫಲದ ಕೆಲಸಗಳಿಗೆ ರಿಯಾಯಿತಿ ಸಾಲವೇ ಮೇಲು. ಅವಸರದಲ್ಲಿ ಸಹಿ ಹಾಕಿದವರಿಗೂ ದಾರಿ ಪೂರ್ತಿ ಮುಚ್ಚಿಲ್ಲ: ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವು, ಗಣಿಯ ತಾಮ್ರ-ಕೋಬಾಲ್ಟ್‌ಗೆ ಬದಲಾಗಿ ಮೂಲಸೌಕರ್ಯ ಪಡೆಯಲು ಚೀನೀ ಕಂಪನಿಗಳೊಂದಿಗೆ 2008ರಲ್ಲಿ ಮಾಡಿಕೊಂಡ ಸಿಕೊಮೈನ್ಸ್ ಒಪ್ಪಂದವನ್ನು 2024ರಲ್ಲಿ ತಿದ್ದಿಸಿ, ಮೂಲಸೌಕರ್ಯದ ಮೊತ್ತವನ್ನು 700 ಕೋಟಿ ಡಾಲರ್‌ಗೆ ಏರಿಸಿಕೊಂಡಿತು.