ಹಿತ್ತಾಳೆಯ ಇದ್ದಿಲು ಇಸ್ತ್ರಿ ಪೆಟ್ಟಿಗೆ: ತಗೊಳ್ಳೋದಾದ್ರೆ ತಳ ನೋಡಿ ತಗೊಳ್ಳಿ

ಮೈಸೂರಿನ ಹಳೇ ಪಾತ್ರೆ ಅಂಗಡಿಯೊಂದರಲ್ಲಿ ಸಿಕ್ಕ ಪೆಟ್ಟಿಗೆ ಇದು. ಐದೂವರೆ ಕೆಜಿ ಇದೆ. ತೂಕದ ಲೆಕ್ಕದಲ್ಲೇ ಚೌಕಾಸಿ ಮಾಡಿ ₹3,800 ಕೊಟ್ಟೆ. ಷೋಕೇಸಿನಲ್ಲಿ ಇಡೋದಕ್ಕೆ ತಂದದ್ದಲ್ಲ, ಕೆಂಡ ಹಾಕಿ ಇಸ್ತ್ರಿ ಮಾಡಿ ನೋಡಿಯೇ ಬರೆಯುತ್ತಿದ್ದೇನೆ. ಹತ್ತಿ ಪಂಚೆ, ಗಂಜಿ ಹಾಕಿದ ಕಾಟನ್ ಸೀರೆ, ಖಾದಿ ಜುಬ್ಬ ಇವುಗಳ ವಿಷಯದಲ್ಲಿ ನಮ್ಮನೆಯ ಕರೆಂಟ್ ಪೆಟ್ಟಿಗೆ ಇದರ ಹತ್ತಿರಕ್ಕೂ ಬರುವುದಿಲ್ಲ. ಉಳಿದ ಬಟ್ಟೆಗಳಿಗೆ ಮಾತ್ರ ಇದು ಬರೀ ತಲೆನೋವು.

ಎಲ್ಲಾ ತೂಕದ ಮಹಿಮೆ. ಈಗಿನ ಪೆಟ್ಟಿಗೆಗಳು ಒಂದು ಕೆಜಿ ಆಸುಪಾಸಿನಲ್ಲಿರುತ್ತವೆ, ಹಾಗಾಗಿ ದಪ್ಪ ಹತ್ತಿ ಬಟ್ಟೆ ಅಂದರೆ ಭುಜ ಕೊಟ್ಟು ಒತ್ತಬೇಕು. ಇದಕ್ಕೆ ಒತ್ತುವ ಕೆಲಸವೇ ಇಲ್ಲ, ಸುಮ್ನೆ ಮುಂದಕ್ಕೆ ತಳ್ಳಿದರೆ ಸಾಕು. ನೀರು ಚಿಮುಕಿಸಿ, ಸುತ್ತಿ ಸ್ವಲ್ಪ ಹೊತ್ತು ಬಿಟ್ಟ ಪಂಚೆಯ ಮೇಲೆ ಎಳೆದರೆ ಚುಯ್ ಅಂತ ಸದ್ದು, ಒಂಚೂರು ಹಬೆ, ಅಷ್ಟೇ. ಅಂಚಿನ ಮಡಿಕೆ ನೇರವಾಗಿ ಕೂರುತ್ತೆ, ಸಂಜೆವರೆಗೂ ಹಾಗೇ ಇರುತ್ತೆ. ತಳ ಕಿರುಬೆರಳಿನಷ್ಟು ದಪ್ಪ ಇರುವುದರಿಂದ ಒಮ್ಮೆ ಬಿಸಿ ಏರಿದರೆ ಬೇಗ ಇಳಿಯುವುದಿಲ್ಲ. ಎರಕದ ಕಬ್ಬಿಣದ ಪೆಟ್ಟಿಗೆಯೂ ಭಾರವೇ, ಆದರೆ ಹಿತ್ತಾಳೆಯಲ್ಲಿ ಬಿಸಿ ಬೇಗ ಹರಡುತ್ತೆ, ತುಕ್ಕಿನ ಕಲೆಯ ಭಯವೂ ಇಲ್ಲ.

ನನ್ನದರ ಮುಂದಿನ ಚಿಲಕ ಪುಟ್ಟ ಹುಂಜದ ಆಕಾರದಲ್ಲಿದೆ. ಜುಟ್ಟು ಸವೆದು ನುಣ್ಣಗಾಗಿದೆ, ಅಂದರೆ ಯಾರೋ ವರ್ಷಗಟ್ಟಲೆ ಹೆಬ್ಬೆರಳಿನಿಂದ ಅದನ್ನೇ ಎತ್ತಿ ಮುಚ್ಚಳ ತೆಗೆದಿದ್ದಾರೆ. ಇಂಡೋನೇಷ್ಯಾದಲ್ಲೂ ಹುಂಜದ ಚಿಲಕದ ಇದ್ದಿಲು ಪೆಟ್ಟಿಗೆಗಳು ಬಹಳ ಹೆಸರುವಾಸಿ. ಬಿಸಿ ಲೋಹದಿಂದ ಸುಕ್ಕು ತೆಗೆಯುವ ಐಡಿಯಾ ಇನ್ನೂ ಹಳೆಯದು. ಚೀನಾದಲ್ಲಿ ಹಿಡಿ ಇರುವ ಬಾಣಲೆಯಂಥ ಪಾತ್ರೆಗೆ ಕೆಂಡ ತುಂಬಿ ರೇಷ್ಮೆಯ ಮೇಲೆ ಆಡಿಸುತ್ತಿದ್ದರು. ಅರಮನೆಯ ಹೆಂಗಸರು ಆ ಕೆಲಸ ಮಾಡುತ್ತಿರುವ 12ನೇ ಶತಮಾನದ ಚೀನೀ ಚಿತ್ರವೊಂದು ಅಮೆರಿಕದ ಬಾಸ್ಟನ್ ಮ್ಯೂಸಿಯಂನಲ್ಲಿದೆ. ಯುರೋಪಿನಲ್ಲಿ ಇಡೀ ಕಬ್ಬಿಣದ ಗಟ್ಟಿಯನ್ನೇ ಒಲೆಯ ಮೇಲೆ ಕಾಯಿಸಿ ಬಳಸುತ್ತಿದ್ದರು. ಒಂದು ಆರುವಷ್ಟರಲ್ಲಿ ಇನ್ನೊಂದು ಕಾದಿರಬೇಕು. ಹಿಡಿಯೂ ಅದರ ಜೊತೆಗೇ ಕಾಯುತ್ತಿತ್ತು. ಅಮೆರಿಕದ ಅಯೋವಾದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬಾಕೆ 1871ರಲ್ಲಿ ಕಳಚಿ ಹಾಕಬಹುದಾದ ಮರದ ಹಿಡಿಗೆ ಪೇಟೆಂಟ್ ಪಡೆದ ಮೇಲೆ ಎಷ್ಟೋ ಹೆಂಗಸರ ಕೈ ಉಳಿಯಿತು. ಇದ್ದಿಲು ಪೆಟ್ಟಿಗೆಗೆ ಈ ಕಾಯಿಸುವ ಕಾಟವಿಲ್ಲ, ಬೆಂಕಿ ಒಳಗೇ ಇರುತ್ತೆ. ಬದಲಿಗೆ ಬೂದಿಯ ಕಾಟ.

ಕರೆಂಟ್ ಇಸ್ತ್ರಿ ಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಪೇಟೆಂಟ್ ಪಡೆದದ್ದು 1882ರಲ್ಲಿ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ದೀಪಗಳಿಗೆ ಬಂದದ್ದು 1905ರಲ್ಲಿ. ಆದರೂ ಇದ್ದಿಲು ಪೆಟ್ಟಿಗೆ ಆಮೇಲೆ ಎಷ್ಟೋ ದಶಕ ಮನೆಗಳಲ್ಲಿ ಉಳಿಯಿತು. ಹಳ್ಳಿಗಳಿಗೆ ಕರೆಂಟು ಬರೋದು ತಡವಾಯಿತು ಅನ್ನೋದು ಒಂದು ಕಾರಣ. ಇನ್ನೊಂದು, ಸೌದೆ ಒಲೆ ಇರುವ ಮನೆಯಲ್ಲಿ ಕೆಂಡಕ್ಕೇನು ಬರ? ಬೆಳಗಿನ ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಉಳಿದದ್ದೇ ಸಾಕಾಗುತ್ತಿತ್ತು. ಪೆಟ್ಟಿಗೆ ಇಲ್ಲದವರು ಹಿತ್ತಾಳೆ ಚೊಂಬಿಗೇ ಕೆಂಡ ಹಾಕಿ, ಕಂಠಕ್ಕೆ ಬಟ್ಟೆ ಸುತ್ತಿ ಹಿಡಿದು ಶಾಲೆಯ ಅಂಗಿಗೆ ಇಸ್ತ್ರಿ ಹಾಕಿಕೊಂಡದ್ದನ್ನು ನಿಮ್ಮ ಮನೆಯ ಹಿರಿಯರೂ ಹೇಳಿರುತ್ತಾರೆ ಅಲ್ವಾ? ಅದೂ ಆಗದವರಿಗೆ ಹಾಸಿಗೆಯ ಅಡಿಯೇ ಇಸ್ತ್ರಿ. ಇದ್ದಿಲು ಪೆಟ್ಟಿಗೆಗೆ ಪೆಟ್ಟು ಕೊಟ್ಟದ್ದರಲ್ಲಿ ಕರೆಂಟಿನಷ್ಟೇ ಪಾಲು ಪಾಲಿಯೆಸ್ಟರ್ ಬೆರೆತ ಟೆರಿಕಾಟಿನದ್ದೂ ಇದೆ ಅನ್ನೋದು ನನ್ನ ವಾದ. ಸುಕ್ಕೇ ಬೀಳದ ಬಟ್ಟೆಗೆ ಇಷ್ಟು ಭಾರದ ಪೆಟ್ಟಿಗೆ ಯಾಕೆ? ಮೇಲಾಗಿ ಬಿಸಿ ಒಂಚೂರು ಜಾಸ್ತಿ ಆದರೆ ಆ ಬಟ್ಟೆ ಕರಗಿ ತಳಕ್ಕೇ ಅಂಟಿಕೊಳ್ಳುತ್ತೆ.

ಈಗ ತೊಂದರೆಗಳಿಗೆ ಬರೋಣ. ಇದರಲ್ಲಿ ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇಲ್ಲ. ತಳಕ್ಕೆ ಎರಡು ಹನಿ ನೀರು ಹಾರಿಸಿ, ಸದ್ದು ಕೇಳಿ ಅಂದಾಜು ಮಾಡಬೇಕು. ಗೆರಟೆಯ ಇದ್ದಿಲು ಬೇಗ ಹತ್ತುತ್ತೆ, ಒಳ್ಳೇ ಕಾವು ಕೊಡುತ್ತೆ, ಆದರೆ ಕೆಂಡ ಪೂರ್ತಿ ಕೆಂಪಗಾಗುವ ಮುಂಚೆ ಮುಚ್ಚಳ ಹಾಕಿದರೆ ಹೊಗೆ. ಮಧ್ಯೆ ಕಾವು ಇಳಿದರೆ ಹಿಡಿ ಹಿಡಿದು ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ತೂಗಬೇಕು, ಪಕ್ಕದ ತೂತುಗಳಿಂದ ಗಾಳಿ ಹೊಕ್ಕು ಕೆಂಡ ಮತ್ತೆ ಹೊಳೆಯುತ್ತೆ. ಇದನ್ನು ಬಟ್ಟೆಯಿಂದ ದೂರ ನಿಂತು ಮಾಡಿ, ಯಾಕೆಂದರೆ ಅದೇ ತೂತುಗಳಿಂದ ಕಿಡಿಯೂ ಹಾರುತ್ತೆ. ಬೂದಿ ತಳದಲ್ಲಿ ಕೂತರೆ ಕೆಂಡದ ಬಿಸಿ ಲೋಹಕ್ಕೆ ತಾಗುವುದಿಲ್ಲ, ಆಗಾಗ ಕೊಡವಬೇಕು. ಫ್ಯಾನ್ ಕೆಳಗಂತೂ ಮುಚ್ಚಳ ತೆಗೆಯಲೇಬೇಡಿ. ಬಾಗಿಲು ಕಿಟಕಿ ಮುಚ್ಚಿದ ರೂಮಿನಲ್ಲಿ ಇದನ್ನು ಬಳಸುವುದು ಜೀವಕ್ಕೇ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಾನು ಹಿತ್ತಲಲ್ಲೇ ಇಸ್ತ್ರಿ ಮಾಡುವುದು.

ಇನ್ನು ಆನ್‌ಲೈನಿನಲ್ಲಿ 'ಆಂಟಿಕ್' ಅಂತ ಮಾರುವ ಪೆಟ್ಟಿಗೆಗಳು. ನೋಡಿದವುಗಳಲ್ಲಿ ಹೆಚ್ಚಿನವು ತೆಳು ತಗಡಿನ ಆಟಿಕೆ, ಹುಂಜ ಮಾತ್ರ ಭರ್ಜರಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿದರೆ ಅದು ಕಬ್ಬಿಣಕ್ಕೆ ಲೇಪ ಕೊಟ್ಟ ಮಾಲು. ಮುಚ್ಚಳ ತೆರೆದು ಕೀಲು ಅಲ್ಲಾಡಿಸಿ ನೋಡಿ. ಹಿಡಿಯ ಮರ ಬಿರುಕು ಬಿಟ್ಟಿದ್ದರೆ ಬಡಗಿಗೆ ಕೊಟ್ಟು ಹೊಸದು ಹಾಕಿಸಬಹುದು, ಆದರೆ ತಳ ಬಾಗಿದ್ದರೆ ಏನೂ ಮಾಡಲು ಬರುವುದಿಲ್ಲ. ನೆಲದ ಮೇಲೆ ಇಟ್ಟು ಮೂಲೆ ಒತ್ತಿ, ಕುಂಟಿದರೆ ಬಿಟ್ಟುಬಿಡಿ.

ವಾರಕ್ಕೆ ನಾಲ್ಕು ಪಂಚೆಗೆ ಇದು ಖುಷಿ ಕೊಡುವ ಕೆಲಸ ಸರಿ, ಇದನ್ನೇ ದಿನವಿಡೀ ಎತ್ತಿ ಇಳಿಸುವ ಇಸ್ತ್ರಿ ಗಾಡಿಯವರ ಮುಂದೆ ಈ ಮಾತು ಆಡಬೇಡಿ. ಬೆಂಗಳೂರಿನಲ್ಲಿ ಕೆಲವರು ಗ್ಯಾಸ್ ಪೈಪಿನ ಪೆಟ್ಟಿಗೆಗೆ ಬದಲಾಗಿದ್ದಾರೆ. ತಿರುವಣ್ಣಾಮಲೈನ ಶಾಲಾ ಹುಡುಗಿ ವಿನಿಶಾ ಉಮಾಶಂಕರ್ ಇದ್ದಿಲಿನ ಬದಲು ಬಿಸಿಲಿನಿಂದ ನಡೆಯುವ ಇಸ್ತ್ರಿ ಗಾಡಿ ರೂಪಿಸಿ, 2021ರಲ್ಲಿ ಪರಿಸರ ಕೆಲಸಕ್ಕೆ ಕೊಡುವ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಳು, ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲೂ ಮಾತಾಡಿದಳು. ರಸ್ತೆ ಬದಿಯ ಕೆಲಸಕ್ಕೆ ಅದೇ ಸರಿಯಾದ ದಾರಿ.

ಕೊನೆಗೆ, ತೊಳೆಯೋದು. ಹುಣಸೆಹಣ್ಣು, ಉಪ್ಪು ಹಾಕಿ ಹೊರಗಡೆ ಉಜ್ಜಿದರೆ ಫಳಫಳ ಅನ್ನುತ್ತೆ. ಪೂರ್ತಿ ಆರಿದ ಮೇಲೆಯೇ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡಿ. ಒದ್ದೆ ಉಳಿದರೆ ಹಸಿರು ಕಿಲುಬು ಕಟ್ಟುತ್ತೆ, ಅದು ಬಿಳಿ ಪಂಚೆಗೆ ಹತ್ತಿದರೆ ಬಿಡಿಸೋದು ಕಷ್ಟ.