ಎರಡು ರಾತ್ರಿಯ ಮೌನ ಧ್ಯಾನಕೂಟ: ನಿದ್ದೆಗೆ ಐದು ಸ್ಟಾರ್, ಟೈಮ್‌ಟೇಬಲ್‌ಗೆ ಎರಡು

ಜಾಗದ ಹೆಸರು ಹಾಕುತ್ತಿಲ್ಲ, ಬೈಯುವುದೂ ಇದೆ ಅದಕ್ಕೆ. ಬೆಂಗಳೂರಿನ ಹೊರಗೆ ಫಾದರ್‌ಗಳು, ಸಿಸ್ಟರ್‌ಗಳು ಸೇರಿ ನಡೆಸುವ ರಿಟ್ರೀಟ್ ಹೌಸ್. ಶುಕ್ರವಾರ ಸಂಜೆ ಹೋಗಿ ಭಾನುವಾರ ಮಧ್ಯಾಹ್ನ ಬಂದೆ. ಊಟ ಸೇರಿ 2,200 ರೂಪಾಯಿ. ನಾನು ಸಿ.ಎಸ್.ಐ. (ಪ್ರೊಟೆಸ್ಟಂಟ್) ಸಭೆಯವಳು, ಅದು ಕ್ಯಾಥೊಲಿಕರದು. ಯಾರೂ ಏನೂ ಕೇಳಲಿಲ್ಲ. ಧ್ಯಾನಕೂಟ ಅಂದರೆ ಮೈಕು, ಕೀಬೋರ್ಡು, ಕೈಯೆತ್ತಿ ಹಾಡುವುದು ಅಂದುಕೊಂಡಿದ್ದೆ. ಇದು ಆ ಥರದ್ದಲ್ಲ.

ಹೋಗಿದ್ದು ಯಾಕೆ ಅಂದರೆ, ವಾರಕ್ಕೆ ಆರು ದಿನ ಲೆಕ್ಕಪತ್ರದ ಕೆಲಸ, ಬುಧವಾರ ಮನೆ ಪ್ರಾರ್ಥನೆ, ಶನಿವಾರ ಕ್ವಾಯರ್ ಪ್ರಾಕ್ಟೀಸ್, ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲ್, ಆಮೇಲೆ ಆರಾಧನೆ, ಆಮೇಲೆ ಕಮಿಟಿ, ಮನೆಗೆ ಬಂದು ಊಟಕ್ಕೆ ಕೂತಾಗ ಎರಡೂವರೆ, ಅಷ್ಟರಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದಾರೆ, ಹೋಗಿ ನೋಡಿ ಬರೋಣ ಅಂತ ಫೋನು. ಆಫೀಸಿನಲ್ಲಾದರೆ ಆಗಲ್ಲ ಅನ್ನಬಹುದು. ದೇವರ ಕೆಲಸ ಅಂದಮೇಲೆ ಬೇಡ ಅನ್ನುವುದು ಹೇಗೆ? ಚರ್ಚಿನ ಕೊಯ್ಲಿನ ಹಬ್ಬದ ಹಿಂದಿನ ವಾರ ಒಂದು ವಿಚಿತ್ರ ಆಯಿತು. ಕರ್ತನ ಪ್ರಾರ್ಥನೆ ಹೇಳುತ್ತಿದ್ದೆ, 'ಅನುದಿನದ ಆಹಾರ' ಅನ್ನುವಲ್ಲಿಗೆ ಬಂದಾಗ ಹಬ್ಬದ ಊಟಕ್ಕೆ ಪ್ಲೇಟು ಎಷ್ಟು ಆರ್ಡರ್ ಮಾಡಬೇಕು ಅಂತ ಮನಸ್ಸು ಲೆಕ್ಕ ಹಾಕಲು ಶುರು ಮಾಡಿತು. ಆಮೆನ್ ಅನ್ನುವಷ್ಟರಲ್ಲಿ 350ಕ್ಕೆ ಬಂದಿದ್ದೆ. ಅವತ್ತೇ ಬುಕ್ ಮಾಡಿದೆ.

ರೂಮು ಚೆನ್ನಾಗಿದೆ. ಮಂಚ, ಮೇಜು, ಕುರ್ಚಿ, ಗೋಡೆಗೊಂದು ಶಿಲುಬೆ, ಅಷ್ಟೇ. ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ. ಅಡುಗೆಯವರು ನಮ್ಮ ಮಂಗಳೂರು ಕಡೆಯವರಂತೆ, ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳ. ಮಾತಿಲ್ಲದೆ ಉಣ್ಣುವ ಕಡೆ ಹಪ್ಪಳ ಯಾಕೆ ಬಡಿಸುತ್ತಾರೋ ಗೊತ್ತಿಲ್ಲ. ಒಂದು ಮುರಿದರೆ ಇಡೀ ಹಾಲ್ ತಿರುಗಿ ನೋಡುತ್ತದೆ.

ಈಗ ಬೈಯುವ ಭಾಗ. ಶನಿವಾರದ ಟೈಮ್‌ಟೇಬಲ್ ನೋಡಿ ನನಗೆ ನಮ್ಮ ಆಫೀಸೇ ನೆನಪಾಯಿತು. 5:45ಕ್ಕೆ ಗಂಟೆ, ಪ್ರಾರ್ಥನೆ, ಬಲಿಪೂಜೆ (ಅಂದರೆ ಮಾಸ್), ತಿಂಡಿ, ಉಪದೇಶ, ಧ್ಯಾನ, ಮತ್ತೆ ಉಪದೇಶ, ಹೀಗೇ ರಾತ್ರಿ ಒಂಬತ್ತರವರೆಗೆ. ಮಧ್ಯೆ ವಿಶ್ರಾಂತಿ ಅಂತ 40 ನಿಮಿಷ. ವಿಶ್ರಾಂತಿಗೆ ಅಂತ ಬಂದವರಿಗೆ ಅದೂ ಒಂದು ಪೀರಿಯಡ್ಡು! ಮೌನದ ಬಗ್ಗೆ ಅರ್ಧ ಗಂಟೆ ಮಾತಾಡುತ್ತೇನೆ ಅಂದವರು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು.

ನನ್ನನ್ನು ಉಳಿಸಿದ್ದು ಒಬ್ಬರು ವಯಸ್ಸಾದ ಸಿಸ್ಟರ್. ದಿನಕ್ಕೆ 20 ನಿಮಿಷ ಅವರ ಹತ್ತಿರ ಮಾತಾಡಬಹುದು, ಇದು ದುಡ್ಡಿನಲ್ಲೇ ಸೇರಿದೆ, ಬಿಡಬೇಡಿ. ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ ಅಂದೆ. ಅವರು ಪ್ರಾರ್ಥನೆ ವಿಷಯ ಎತ್ತಲೇ ಇಲ್ಲ. 'ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ?' ಅಂದರು. ಒಂದು ಗಂಟೆ ಅಂದೆ. ಬೈಬಲಿನ 1 ಅರಸುಗಳು 19 ತೆಗೆದು ಓದಿಸಿದರು. ಪ್ರವಾದಿ ಎಲೀಯ 'ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು' ಅಂತ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಅವನಿಗೆ ಬುದ್ಧಿ ಹೇಳುವುದಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಊಟವೇ. ದೇವರ ಮಾತುಕತೆ ಎಲ್ಲ ಆಮೇಲೆ, ಬೆಟ್ಟದ ಮೇಲೆ. ಈ ಅಧ್ಯಾಯ ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೇನೋ, ನಿದ್ದೆಯ ಭಾಗ ಬೇಗ ದಾಟಿಸಿ ಬೆಟ್ಟದ ಮೇಲೆ ಕೇಳುವ ದೇವರ ಮೆಲುದನಿಯ ಹತ್ತಿರ ಹೋಗಿಬಿಡುತ್ತಿದ್ದೆ. 'ಹೋಗಿ ಮಲಗಿ' ಅಂದರು ಸಿಸ್ಟರ್. ಬೆಳಿಗ್ಗೆ ಹನ್ನೊಂದಕ್ಕೆ ಮಲಗಿದವಳು ಎದ್ದಾಗ ಸಂಜೆ ನಾಲ್ಕು ಗಂಟೆ. ಊಟ ತಪ್ಪಿತ್ತು. ಯಾರೂ ಬಾಗಿಲು ತಟ್ಟಲಿಲ್ಲ, ಮುಚ್ಚಿಟ್ಟ ತಟ್ಟೆ ಮಾತ್ರ ಬಾಗಿಲ ಹತ್ತಿರ ಇತ್ತು.

ಅಲ್ಲಿ ನಡೆಯುವುದು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಅವರ ಧ್ಯಾನ ಪದ್ಧತಿ. 1522ರಲ್ಲಿ ಸ್ಪೇನಿನ ಮನ್ರೆಸಾ ಊರಿನಲ್ಲಿ ಅವರು ವಿಪರೀತ ಉಪವಾಸ ಮಾಡಿ ಆರೋಗ್ಯ ಕೆಡಿಸಿಕೊಂಡರು, ಹೊಟ್ಟೆನೋವು ಜೀವಮಾನವಿಡೀ ಬಿಡಲಿಲ್ಲ. ಆಮೇಲೆ ಬೇರೆಯವರಿಗೆ ಹಾಗೆ ಮಾಡಬೇಡಿ ಅಂತ ಹೇಳುತ್ತಿದ್ದರಂತೆ. 1548ರಲ್ಲಿ ಪೋಪ್ ಒಪ್ಪಿದ ಅವರ ಧ್ಯಾನದ ಪುಸ್ತಕದಲ್ಲೂ, ಬಂದವರ ವಯಸ್ಸು, ಶಕ್ತಿ ನೋಡಿಕೊಂಡು ಕೊಡಿ, ಹೊರಲಾರದ್ದನ್ನು ಹೊರಿಸಬೇಡಿ ಅಂತಿದೆ. ಹಾಗಾದರೆ ನಿಮ್ಮ ಟೈಮ್‌ಟೇಬಲ್ ಯಾಕೆ ಹೀಗೆ ಅಂತ ಕೇಳಿಯೇಬಿಟ್ಟೆ. ಸಿಸ್ಟರ್ ನಕ್ಕರು. 'ಅದು ಗೋಡೆಗೆ, ನಿಮಗಲ್ಲ.' ಇದನ್ನು ಶುಕ್ರವಾರವೇ ಹೇಳಬಾರದಿತ್ತಾ?

ರಾತ್ರಿ ಮಲಗುವ ಮುಂಚೆ ಕಾಲು ಗಂಟೆ ದಿನವನ್ನು ಹಿಂದಕ್ಕೆ ನೋಡುವುದು ಇಗ್ನೇಷಿಯಸ್ ಅವರ ಇನ್ನೊಂದು ಪದ್ಧತಿ. ನನಗೆ ಸಿಸ್ಟರ್ ಇಡೀ ವಾರ ನೋಡಿ ಅಂದರು. ಯಾವುದು ಜೀವ ತುಂಬಿತು, ಯಾವುದು ಹೀರಿತು, ಎರಡು ಸಾಲು ಮಾಡಿ ಬರೆಯಬೇಕು. ಸಂಡೇ ಸ್ಕೂಲ್ ಮೊದಲನೇ ಸಾಲಿಗೆ ಬಂತು. ಕಮಿಟಿ ಎರಡನೇದಕ್ಕೆ, ಅದು ಗೊತ್ತಿದ್ದದ್ದೇ. ಕ್ವಾಯರ್ ಕೂಡ ಎರಡನೇ ಸಾಲಿಗೇ ಹೋಯಿತು. 19 ವರ್ಷ ಹಾಡಿದ್ದೇನೆ. ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅತ್ತೆ. ವಿಮೋಚನಕಾಂಡ 18ರಲ್ಲಿ ಮೋಶೆಯ ಮಾವ ಬಂದು, ಮೋಶೆ ಒಬ್ಬನೇ ಬೆಳಗಿನಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳುವುದನ್ನು, ಜನ ಕಾದು ನಿಂತಿರುವುದನ್ನು ಒಂದು ದಿನ ಸುಮ್ನೆ ನೋಡಿ, ಹೀಗೆ ಮಾಡಿದರೆ ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅನ್ನುತ್ತಾನಲ್ಲ, ಆ 'ಜನರೂ' ಅನ್ನುವುದು ನನಗೆ ಯಾವತ್ತೂ ಕಂಡಿರಲಿಲ್ಲ. ಕ್ವಾಯರಿನಲ್ಲಿ ನನ್ನ ಜಾಗಕ್ಕೆ ಕಾಯುತ್ತಿದ್ದ ಇಬ್ಬರು ಹುಡುಗಿಯರು ಇದ್ದರು.

ಮೂರು ತಿಂಗಳಾಯಿತು. ಕಮಿಟಿ ಬಿಟ್ಟೆ, ಕ್ವಾಯರ್ ಈಗ ಕ್ರಿಸ್ಮಸ್ಸಿಗೆ ಮಾತ್ರ. ಸಭಾಪಾಲಕರಿಗೆ ಬೇಜಾರಾಗಿದೆ. ಆಫೀಸು ಹಾಗೇ ಇದೆ, ಎರಡು ರಾತ್ರಿಯ ಮೌನದಿಂದ ಮ್ಯಾನೇಜರ್ ಬದಲಾಗುವುದಿಲ್ಲ. ಪುಟ್ಟ ಮಕ್ಕಳಿರುವವರು, ಶನಿವಾರ ಭಾನುವಾರ ಡ್ಯೂಟಿ ಇರುವವರು ಇಲ್ಲಿಗೆ ಬರುವುದೇ ಕಷ್ಟ. ಅಂಥವರಿಗೆ ಮನೆಯಲ್ಲೇ ಇದ್ದು ದಿನಾ ಸ್ವಲ್ಪ ಹೊತ್ತು, ತಿಂಗಳುಗಟ್ಟಲೆ ಮಾಡುವ ಕ್ರಮವೂ ಇದೆ. ಅವರಾಗಿ ಹೇಳುವುದಿಲ್ಲ, ಕೇಳಿ.

ತಪಸ್ಸು ಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ರೂಮು ಸಿಗಲ್ಲ, ಮೊದಲೇ ಬುಕ್ ಮಾಡಿ. ಹಿಂದಿನ ಬ್ಲಾಕೇ ಬೇಕು ಅನ್ನಿ, ಮುಂದಿನದಕ್ಕೆ ಕಲ್ಯಾಣ ಮಂಟಪದ ಬ್ಯಾಂಡ್ ಕೇಳಿಸುತ್ತದೆ. ಹೊದಿಕೆ ತಗೊಂಡು ಹೋಗಿ. ಫೋನು ಆಫೀಸ್ ರೂಮಿನ ಬುಟ್ಟಿಗೆ ಹಾಕಿದರೆ ಒಳ್ಳೆಯದು, ಬಲವಂತವಿಲ್ಲ. ನಾನು ಹಾಕಿದ್ದೆ. ಭಾನುವಾರ ವಾಪಸ್ ತಗೊಂಡಾಗ ಕಮಿಟಿ ಗ್ರೂಪಿನಲ್ಲಿ 43 ಮೆಸೇಜ್ ಇದ್ದವು, ಎಲ್ಲಾ ಪ್ಲೇಟಿನ ಬಗ್ಗೆ. ಕೊನೆಗೆ ಅವರೇ ತರಿಸಿಕೊಂಡಿದ್ದರು. 20 ಜಾಸ್ತಿಯೇ.